ಸಹಾಯ ಬೇಕು: ಚೀನಾದ ಸ್ಟೂಡೆಂಟ್ ಪರ್ಮಿಟ್‌ನಲ್ಲಿ ಇಂಟರ್ನ್‌ಶಿಪ್ ನಮೂದು

ಎಲ್ಲರಿಗೂ ನಮಸ್ಕಾರ. ಶಾಂಘೈಯಲ್ಲಿ ಓದುತ್ತಾ ಬೇರೆ ಊರಲ್ಲಿ ಇಂಟರ್ನ್‌ಶಿಪ್ ಮಾಡಿದವರು ಇದ್ದರೆ ದಯವಿಟ್ಟು ಉತ್ತರಿಸಿ.

ಎಕ್ಸ್1 ವೀಸಾದಲ್ಲಿ (ದೀರ್ಘಾವಧಿ ಓದಿಗೆ ಕೊಡುವ ವೀಸಾ) ಬಂದು, 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ (ಇಲ್ಲಿ ವಾಸಿಸುವ ಪರವಾನಗಿ) ಅರ್ಜಿ ಹಾಕಿ, ಅದು ಕೈಸೇರಿದೆ. ಇಂಟರ್ನ್‌ಶಿಪ್ ಇರುವುದು ಸುಝೌನಲ್ಲಿ, ಅಂದರೆ ಜಿಯಾಂಗ್ಸು ಪ್ರಾಂತ್ಯದಲ್ಲಿ. ಕ್ಯಾಂಪಸ್ ಹೊರಗಿನ ಇಂಟರ್ನ್‌ಶಿಪ್‌ಗೆ ಮೊದಲು ಯೂನಿವರ್ಸಿಟಿಯ ಒಪ್ಪಿಗೆ ಬೇಕು. ಆಮೇಲೆ ಪೊಲೀಸರ ಎಕ್ಸಿಟ್-ಎಂಟ್ರಿ ಕಚೇರಿ ಪರ್ಮಿಟ್ ಮೇಲೆ ಜಾಗ ಮತ್ತು ಅವಧಿ ನಮೂದಿಸಬೇಕು. ಕಂಪನಿಯವರು 'ಸೇರಿಕೊಳ್ಳಿ, ಕಾಗದಪತ್ರ ಆಮೇಲೆ ನೋಡೋಣ' ಅಂದರೂ ಒಪ್ಪುವಂತಿಲ್ಲ. ನಮೂದಿಲ್ಲದ ಕೆಲಸ ಅಕ್ರಮ ಉದ್ಯೋಗವಾಗುತ್ತದೆ: ದಂಡ 5,000ದಿಂದ 20,000 ಯುವಾನ್, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ.

ಗೊತ್ತಾಗಬೇಕಿರುವುದು ಇಷ್ಟು. ಪರ್ಮಿಟ್ ಶಾಂಘೈಯದು, ಕೆಲಸ ಸುಝೌದು; ಶಾಂಘೈ ಕಚೇರಿ ಇಂಥ ಅರ್ಜಿ ತೆಗೆದುಕೊಂಡಿದೆಯೇ? ಕಂಪನಿಯ ಪತ್ರದಲ್ಲಿ ವಿಳಾಸ, ಆರಂಭ-ಕೊನೆಯ ದಿನಾಂಕ, ಕೆಲಸದ ವಿವರ, ಸೀಲು ಇವೆ. ಬಿಸಿನೆಸ್ ಲೈಸೆನ್ಸ್ ಪ್ರತಿಯನ್ನೂ ಕೇಳುತ್ತಾರಾ? ಅರ್ಜಿಯ ಜೊತೆ ಕೊಟ್ಟ ಪಾಸ್‌ಪೋರ್ಟ್ ಎಷ್ಟು ದಿನ ಕಚೇರಿಯಲ್ಲೇ ಇರುತ್ತದೆ? ಆ ಅವಧಿಯಲ್ಲಿ ಕಚೇರಿ ಕೊಡುವ ರಸೀದಿ ತೋರಿಸಿ ಚೀನಾದೊಳಗೆ ಓಡಾಡಬಹುದು, ಊರಿಗೆ ಹೊರಡಲು ಆಗದು. ಆದ್ದರಿಂದ ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಇನ್ನೊಂದು: ಸುಝೌನ ಬಾಡಿಗೆ ಮನೆಗೆ ಹೋದ 24 ಗಂಟೆಯೊಳಗೆ ವಾಸದ ನೋಂದಣಿ ಆಗಬೇಕಲ್ಲ, ಅಲ್ಲಿ ಅದು ಮೊಬೈಲ್‌ನಲ್ಲೇ ಆಗುತ್ತದಾ, ಠಾಣೆಗೇ ಹೋಗಬೇಕಾ? ಇತ್ತೀಚೆಗೆ ಮಾಡಿಸಿದವರ ಮಾತು ಬೇಕು, ತಿಂಗಳನ್ನೂ ತಿಳಿಸಿ.