ಹೊಸ ಡೋರ್ ಬೀಡಿಂಗ್ ಹಾಕಿದೆ, ಬಾಗಿಲು ಕೂರುತ್ತಿಲ್ಲ, ನೀರು ಮಾತ್ರ ಇನ್ನೂ ಬರುತ್ತಿದೆ

ಹಳೇಸೆಡಾನ್:
ನಮಸ್ಕಾರ. ನನ್ನದು 1970ರ ದಶಕದ ನಾಲ್ಕು ಬಾಗಿಲಿನ ಸೆಡಾನ್. ಡೋರ್ ಬೀಡಿಂಗ್ (ಬಾಗಿಲ ಚೌಕಟ್ಟಿನ ಸುತ್ತ ಕೂರುವ ರಬ್ಬರ್ ಪಟ್ಟಿ) ಪೂರ್ತಿ ಹೋಗಿತ್ತು, ಮುಟ್ಟಿದರೆ ಕಪ್ಪು ಪುಡಿ ಉದುರುತ್ತಿತ್ತು. ಈ ಮಾಡೆಲ್‌ಗೇ ಅಂತ ಅಚ್ಚು ಹಾಕಿದ ರಬ್ಬರ್ ಸಿಗಲಿಲ್ಲ. ಹಾಗಾಗಿ ಮೀಟರ್ ಲೆಕ್ಕದಲ್ಲಿ ಬರುವ ಬೀಡಿಂಗ್ ತಂದು ಮುಂದಿನ ಎರಡು ಬಾಗಿಲಿಗೆ ಹಾಕಿದೆ. ಒಳಗೆ ತಗಡಿನ ಹಲ್ಲಿರುವ ಕ್ಲಿಪ್, ಅದರ ಪಕ್ಕಕ್ಕೆ ಟೊಳ್ಳು ಸ್ಪಾಂಜ್ ರಬ್ಬರ್. ಟೊಳ್ಳು ಭಾಗ 16 ಮಿ.ಮೀ. ಇದೆ.

ಈಗ ಡ್ರೈವರ್ ಬಾಗಿಲು ಜೋರಾಗಿ ಬಡಿದರೆ ಮಾತ್ರ ಲಾಕ್ ಆಗುತ್ತದೆ. ಲಾಕ್ ಆದ ಮೇಲೂ ಹಿಂಭಾಗದ ಕೆಳಮೂಲೆ ಬಾಡಿಗಿಂತ ಸುಮಾರು 4 ಮಿ.ಮೀ. ಆಚೆ ನಿಂತಿರುತ್ತದೆ. ಸ್ವಲ್ಪ ವೇಗ ಹಿಡಿದರೆ ಮೇಲಿನ ಮುಂದಿನ ಮೂಲೆಯಲ್ಲಿ ಶಿಳ್ಳೆ. ಇಷ್ಟಾದರೂ ಮಳೆ ಬಂದರೆ ಕಾಲಿಡುವ ಜಾಗದ ಕಾರ್ಪೆಟ್ ಮೊದಲಿನ ಹಾಗೇ ಒದ್ದೆ! ಸ್ಟ್ರೈಕರ್ (ಬಾಗಿಲ ಲಾಕ್ ಕಚ್ಚಿಕೊಳ್ಳುವ, ಬಾಡಿ ಕಡೆಯ ಕೊಂಡಿ) ಹೊರಗೆ ಸರಿಸಿದರೆ ಸರಿಹೋಗುತ್ತದಾ? ಇಲ್ಲ, ರಬ್ಬರ್ ಪಳಗಲಿ ಅಂತ ಸುಮ್ನೆ ಬಿಡಲಾ?

ತುಕ್ಕಿನವೈರಿ:
ಸದ್ಯಕ್ಕೆ ಸ್ಟ್ರೈಕರ್ ಮುಟ್ಟಬೇಡಿ ಸರ್. ಹೊರಗೆ ಸರಿಸಿದರೆ ಬಾಗಿಲು ಸಲೀಸಾಗಿ ಮುಚ್ಚುತ್ತದೆ, ಅದು ನಿಜ. ಆದರೆ ಈಗಾಗಲೇ ಆಚೆ ನಿಂತಿರುವ ಬಾಗಿಲು ಇನ್ನೂ ಆಚೆ ಬರುತ್ತದೆ, ಮೇಲಿನ ಮೂಲೆಯಲ್ಲಿ ರಬ್ಬರ್ ಮೇಲಿನ ಒತ್ತಡ ಇನ್ನೂ ಕಡಿಮೆಯಾಗಿ ಶಿಳ್ಳೆ ಜಾಸ್ತಿ ಆಗುತ್ತದೆ. ಹೊಸ ರಬ್ಬರ್ ಬಿಗಿ ಇರುವುದು ಸಹಜ, ಒಂದೆರಡು ವಾರ ಬಾಗಿಲು ಮುಚ್ಚಿಟ್ಟರೆ ತಕ್ಕಮಟ್ಟಿಗೆ ಪಳಗುತ್ತದೆ. 4 ಮಿ.ಮೀ. ಮಾತ್ರ ಹಾಗೆ ಪಳಗಿ ಹೋಗುವಂಥದ್ದಲ್ಲ.

ಮೊದಲು ಒಂದು ಕಿಟಕಿ ಪೂರ್ತಿ ಇಳಿಸಿ ಬಾಗಿಲು ಹಾಕಿ ನೋಡಿ. ಆಗ ಸಲೀಸಾಗಿ ಹಾಕಿಕೊಂಡರೆ ತಡೆಯುತ್ತಿರುವುದು ಒಳಗೆ ಸಿಕ್ಕಿಕೊಂಡ ಗಾಳಿ, ರಬ್ಬರ್ ಅಲ್ಲ. ಹಳೇ ಗಾಡಿಗಳಲ್ಲಿ ಗಾಳಿ ಹೊರಹೋಗಲು ದಾರಿ ಕಡಿಮೆ. ಕಿಟಕಿ ಇಳಿಸಿದರೂ ಅಷ್ಟೇ ಬಿಗಿ ಇದ್ದರೆ ರಬ್ಬರ್ ದಪ್ಪವಾಯಿತು, ಇಲ್ಲವೇ ಸರಿಯಾಗಿ ಕೂತಿಲ್ಲ.

ಆಮೇಲೆ ಬೀಡಿಂಗ್ ಪೂರ್ತಿ ತೆಗೆದು ಸಂದು ಅಳೆಯಿರಿ. ಮಕ್ಕಳು ಆಡುವ ಬಣ್ಣದ ಜೇಡಿ ಇರುತ್ತದಲ್ಲ, ಅದರ ಉಂಡೆಗಳನ್ನು ರಬ್ಬರ್ ಕೂರುವ ಜಾಗದಲ್ಲಿ ಸುತ್ತಲೂ ಅಂಟಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ. ಬಾಗಿಲನ್ನು ಬಾಡಿ ಸಮಕ್ಕೆ ಬರುವಷ್ಟು ಒತ್ತಿ, ತೆಗೆದು, ಚಪ್ಪಟೆಯಾದ ಉಂಡೆಯ ದಪ್ಪ ವರ್ನಿಯರ್‌ನಲ್ಲಿ ನೋಡಿ. ಅದೇ ನಿಮ್ಮ ನಿಜವಾದ ಸಂದು. ಟೊಳ್ಳು ಸ್ಪಾಂಜ್ ರಬ್ಬರ್ ಮೂರನೇ ಒಂದು ಭಾಗದಷ್ಟು ಅಮುಕಿಕೊಂಡರೆ ಚೆನ್ನ, ಶೇ 40 ಆದರೂ ನಡೆಯುತ್ತದೆ. ಅರ್ಧ ದಾಟಿದರೆ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ, ರಬ್ಬರೂ ಬೇಗ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ.

ಇನ್ನೊಂದು. ಬಾಗಿಲು ಅರ್ಧ ತೆರೆದು, ಹಿಂದಿನ ಅಂಚನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕೀಲಿನ ಹತ್ತಿರ ಟಕ್ ಅಂತ ಆಟ ಇದ್ದರೆ ಪಿನ್ ಇಲ್ಲವೇ ಬುಷ್ ಸವೆದಿದೆ ಅಂತ ಅರ್ಥ. ಅದನ್ನು ಸರಿ ಮಾಡದೆ ಯಾವ ಬೀಡಿಂಗ್ ಹಾಕಿದರೂ ದಂಡ.

ನೀರುಹುಡುಕ:
ಮೇಲಿನವರು ಬಾಗಿಲ ಬಗ್ಗೆ ಹೇಳಿದ್ದಾರೆ, ನಾನು ನೀರಿಗೆ ಬರುತ್ತೇನೆ. ರಬ್ಬರ್ ಬದಲಿಸಿದ ಮೇಲೂ ಕಾರ್ಪೆಟ್ ಅಷ್ಟೇ ಒದ್ದೆ ಅಂದರೆ ನನ್ನ ಅನುಮಾನ ಬೀಡಿಂಗ್ ಮೇಲಲ್ಲ, ಬಾಗಿಲ ಹೊಟ್ಟೆಯ ಮೇಲೆ. ಬಾಗಿಲೊಳಗೆ ನೀರು ಇಳಿಯುವುದು ದೋಷವೇ ಅಲ್ಲ. ಗಾಜಿಗೆ ಒರೆಸಿಕೊಂಡಿರುವ ಹೊರಪಟ್ಟಿ ಎಷ್ಟು ಹೊಸದಿದ್ದರೂ ಸ್ವಲ್ಪ ನೀರು ಗಾಜಿನ ಜೊತೆ ಒಳಗಿಳಿಯುತ್ತದೆ, ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುತ್ತದೆ, ಅದನ್ನು ಮಾಡಿರುವುದೇ ಹಾಗೆ. ಆ ತೂತುಗಳು ಮಣ್ಣು, ಎಲೆ ಚೂರು, ಇಲ್ಲವೇ ಯಾರೋ ಉದಾರವಾಗಿ ಹೊಡೆದ ಅಂಡರ್‌ಕೋಟಿಂಗ್‌ನಿಂದ ಮುಚ್ಚಿಹೋದರೆ ನೀರು ಬಾಗಿಲೊಳಗೇ ನಿಲ್ಲುತ್ತದೆ. ಬಾಗಿಲು ಅಲುಗಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ.

ಡೋರ್ ಪ್ಯಾಡ್ (ಬಾಗಿಲ ಒಳಬದಿಯ ಹೊದಿಕೆ ಹಲಗೆ) ಬಿಚ್ಚಿ. ಅದರ ಹಿಂದೆ ತಗಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೋ ಮೇಣದ ಕಾಗದವೋ ಇರಬೇಕು. ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ಅದು ಹರಿದಿರುತ್ತದೆ, ಅಥವಾ ಸ್ಪೀಕರ್ ಹಾಕುವಾಗ ಕಿತ್ತು ಬಿಸಾಡಿರುತ್ತಾರೆ. ಹಾಳೆ ಇಲ್ಲದಿದ್ದರೆ ಗಾಜಿನಿಂದ ಇಳಿದ ನೀರು ಪ್ಯಾಡ್‌ಗೆ ಸಿಡಿದು, ಪ್ಯಾಡ್‌ನ ಕೆಳಗಿಂದ ಬೀಡಿಂಗ್‌ನ ಒಳಬದಿಗೇ ಬೀಳುತ್ತದೆ. ಆಗ ಬೀಡಿಂಗ್ ಚಿನ್ನದ್ದಾದರೂ ಏನೂ ಮಾಡಲಾರದು. ದಪ್ಪ ಪಾಲಿಥಿನ್ ಕತ್ತರಿಸಿ ಬ್ಯುಟೈಲ್ ಟೇಪಿನಲ್ಲಿ (ಜಿಗುಟಾದ ರಬ್ಬರ್ ಟೇಪು) ಅಂಟಿಸಿ. ಹಾಳೆಯ ಕೆಳ ಅಂಚು ಬಾಗಿಲ ತಗಡಿನ ಸೀಳಿನೊಳಗೆ ಹೋಗಬೇಕು, ಆಗ ನೀರು ಮತ್ತೆ ಬಾಗಿಲೊಳಗೇ ಬೀಳುತ್ತದೆ. ಇದನ್ನು ತುಂಬಾ ಜನ ಹೊರಗೆ ಬಿಟ್ಟುಬಿಡುತ್ತಾರೆ.

ನೀರು ಎಲ್ಲಿಂದ ಅಂತ ಹುಡುಕಲು ಕಾರ್ಪೆಟ್ ಎತ್ತಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಪೈಪಿನಿಂದ ಮೆಲ್ಲಗೆ ನೀರು ಬಿಡಬೇಕು. ಕೆಳಗಿಂದ ಶುರು ಮಾಡಿ, ಒಂದೊಂದು ಜಾಗಕ್ಕೂ ಕೆಲವು ನಿಮಿಷ ಕೊಟ್ಟು ಮೇಲಕ್ಕೆ ಹೋಗಿ. ಮೇಲಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಪ್ರೆಶರ್ ವಾಷರ್ ಬೇಡ, ಅದು ಸರಿಯಿರುವ ರಬ್ಬರನ್ನೂ ದಾಟಿ ಹೋಗುತ್ತದೆ. ಬಾಗಿಲು ಒಣಗಿಯೇ ಇದ್ದು ನೀರು ಬಂದರೆ ಮುಂದಿನ ಗಾಜಿನ ರಬ್ಬರ್, ವೈಪರ್ ಕೆಳಗಿನ ಜಾಲರಿಯ ಡ್ರೈನ್ ನೋಡಿ.

ಹಳೇಸೆಡಾನ್:
ಎಲ್ಲ ನೋಡಿದೆ. ಕಿಟಕಿ ಇಳಿಸಿದರೂ ಬಿಗಿ ಹಾಗೇ ಇದೆ. ಮೇಲಿನ ಕೀಲಿನಲ್ಲಿ ಸ್ವಲ್ಪ ಆಟ ಇದೆ. ಜೇಡಿ ಲೆಕ್ಕ: ಕೀಲಿನ ಕಡೆ 10 ಮಿ.ಮೀ., ಮೇಲೆ 11, ಹಿಂದೆ 10, ಕೆಳಗೆ ಮಾತ್ರ 7. ಬಾಗಿಲ ತಳದ ಮೂರು ತೂತಿನಲ್ಲಿ ಎರಡು ಮುಚ್ಚಿದ್ದವು, ತಂತಿ ಹಾಕಿದೊಡನೆ ಕಂದು ನೀರು ಸುರಿಯಿತು. ಪ್ಲಾಸ್ಟಿಕ್ ಹಾಳೆ ಅನ್ನುವುದು ಹೆಸರಿಗೂ ಇಲ್ಲ!

ತುಕ್ಕಿನವೈರಿ:
ಹಾಗಾದರೆ 16ರ ಬೀಡಿಂಗ್ ತಪ್ಪಿಲ್ಲ. 10ರ ಸಂದಿನಲ್ಲಿ 16 ಅಂದರೆ ಶೇ 37ರಷ್ಟು ಅಮುಕುತ್ತದೆ, ಸರಿಯಾಗಿದೆ. ಕೆಳಗೆ 7 ಅಂದರೆ ಶೇ 56, ಬಾಗಿಲು ಆಚೆ ನಿಲ್ಲುವುದು ಇದಕ್ಕೇ. ಬೀಡಿಂಗ್ ಕಚ್ಚಿಕೊಳ್ಳುವ ತಗಡಿನ ಅಂಚು ಅಲ್ಲಿ ಎಷ್ಟು ದಪ್ಪ ಇದೆ, ಅಳೆಯಿರಿ.

ಹಳೇಸೆಡಾನ್:
ಮೇಲೆ 2.5 ಮಿ.ಮೀ., ಕೆಳಗೆ ಹಿಂದಿನ ಮೂಲೆಯ ಹತ್ತಿರ 5.5! ಪೇಂಟ್ ಕೆರೆದು ನೋಡಿದರೆ ಹೊರಗಡೆ ಮೇಲೊಂದು ತಗಡು ಬೆಸುಗೆ ಹಾಕಿದ್ದಾರೆ, ಅದರ ಮೇಲೆ ಪುಟ್ಟಿ.

ತುಕ್ಕಿನವೈರಿ:
ಕಳ್ಳ ಸಿಕ್ಕಿದ. ಯಾವಾಗಲೋ ಸಿಲ್ (ಬಾಗಿಲ ಕೆಳಗಿನ ಹೊಸ್ತಿಲ ತಗಡು) ತುಕ್ಕು ಹಿಡಿದಾಗ ಹಳೇದನ್ನು ಕತ್ತರಿಸದೆ ಮೇಲೆಯೇ ತೇಪೆ ಹಾಕಿದ್ದಾರೆ. ಆ ದಪ್ಪದಲ್ಲಿ ಕ್ಲಿಪ್ ಬಾಯಿ ಅಗಲವಾಗಿ ಅರ್ಧಕ್ಕೇ ನಿಂತಿರುತ್ತದೆ, ಟೊಳ್ಳು ಭಾಗವೂ 3 ಮಿ.ಮೀ. ಹೊರಗೆ ಬಂದಿರುತ್ತದೆ. ಗ್ರೈಂಡರ್ ಹಿಡಿದು ತೆಳ್ಳಗೆ ಮಾಡಲು ಹೋಗಬೇಡಿ, ಬೆಸುಗೆ ಚುಕ್ಕಿಗಳೇ ಹಾರಿಹೋಗುತ್ತವೆ, ಸಿಲ್ ಗಾಡಿಯ ಬಲದ ಭಾಗ. ಟಿಂಕರಿಂಗ್ ಮಾಡುವವರಿಂದ ತೇಪೆ ಬಿಡಿಸಿ, ತುಕ್ಕು ಕತ್ತರಿಸಿ ಅಂಚನ್ನು ಹೊಸದಾಗಿ ಕಟ್ಟಿಸುವುದೇ ಸರಿ. ಕೀಲಿನ ಬುಷ್ ಕೂಡ ಅದೇ ಹೊತ್ತಿಗೆ ಮುಗಿಸಿ.

ಗೋಂದುಬಾಟಲಿ:
ಅಷ್ಟೆಲ್ಲ ಯಾಕೆ? ಕೆಳಗಿನ ಅಷ್ಟು ಉದ್ದಕ್ಕೆ ಮಾತ್ರ 11 ಮಿ.ಮೀ. ಬೀಡಿಂಗ್ ಜೋಡಿಸಿದರೆ ಆಯಿತಲ್ಲ, ಲೆಕ್ಕ ಸರಿಹೋಗುತ್ತದೆ.

ತುಕ್ಕಿನವೈರಿ:
ಲೆಕ್ಕ ಸರಿ, ಆದರೆ ಎರಡು ಜೋಡಣೆ ಬರುತ್ತದೆ, ಎರಡೂ ನೀರು ನಿಲ್ಲುವ ಜಾಗದಲ್ಲಿ. ಕ್ಲಿಪ್ ಆ ದಪ್ಪಕ್ಕೆ ಹಿಡಿಯುವುದೂ ಇಲ್ಲ. ತೇಪೆಯ ಕೆಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ. ಒಂದು ಮಳೆಗಾಲ ದೂಡಬೇಕಾದರೆ ಮಾಡಿ, ನನಗೆ ಮನಸ್ಸಿಲ್ಲ.

ಹಳೇಸೆಡಾನ್, ಮತ್ತೆ ಹಾಕುವಾಗ ಕೆಲವು ವಿಷಯ ನೋಡಿಕೊಳ್ಳಿ. ಹಳೇ ಅಂಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಲ್ಲಿ ತೆಗೆದು, ಉಳಿದದ್ದಕ್ಕೆ ಮಿನರಲ್ ಟರ್ಪೆಂಟೈನ್ ಬಟ್ಟೆಯಲ್ಲಿ ಹಚ್ಚಿ. ಥಿನ್ನರ್ ಬೇಡ, ಪೇಂಟ್ ಎದ್ದುಬರುತ್ತದೆ. ಗಾಳಿಯಾಡುವ ಕಡೆ ಕೆಲಸ ಮಾಡಿ, ಹತ್ತಿರ ಬೆಂಕಿ ಇರಬಾರದು. ಬರಿ ತಗಡು ಕಂಡ ಕಡೆಯೆಲ್ಲ ಪ್ರೈಮರ್, ಪೇಂಟ್ ಹೊಡೆದು ಪೂರ್ತಿ ಒಣಗಲು ಬಿಡಿ.

ಬೀಡಿಂಗ್ ಅನ್ನು ಎಳೆದು ಹಾಕಬಾರದು, ಇದು ಮುಖ್ಯ. ಎಳೆದರೆ ಆ ದಿನ ಚೆಂದ ಕಾಣುತ್ತದೆ, ಆಮೇಲೆ ಮೆಲ್ಲಗೆ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಕೆಳಗಡೆ ನಡುವಿನಿಂದ ಶುರು ಮಾಡಿ ಸುತ್ತು ಬನ್ನಿ, ಕೊನೆಗೆ ಕೆಲವು ಮಿ.ಮೀ. ಜಾಸ್ತಿ ಉಳಿಸಿ ನೇರವಾಗಿ ಕತ್ತರಿಸಿ, ತುದಿಗೆ ತುದಿ ಒತ್ತಿ ಸೂಪರ್ ಗ್ಲೂ ಹಾಕಿ. ಜೋಡಣೆ ಮೇಲ್ಮೂಲೆಯಲ್ಲಿ ಬರಲೇಬಾರದು. ನಿಮ್ಮ ಶಿಳ್ಳೆಗೆ ಕಾರಣ ಬಹುಶಃ ಆ ಮೂಲೆಯಲ್ಲಿ ಟೊಳ್ಳು ಭಾಗ ಮಡಚಿಕೊಂಡಿರುವುದು. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಬಗ್ಗಿಸಿ, ಆಗಲೂ ಮಡಚಿದರೆ ಟೊಳ್ಳಿನೊಳಗೆ ಅಷ್ಟು ಉದ್ದಕ್ಕೆ ಮೆತ್ತನೆಯ ರಬ್ಬರ್ ಟ್ಯೂಬ್ ತೂರಿಸಿ. ರಬ್ಬರ್ ಮೇಲೆ ಅಲ್ಲಲ್ಲಿ ಸಣ್ಣ ತೂತು ಇದ್ದರೆ ಮುಚ್ಚಬೇಡಿ, ಅಮುಕಿದಾಗ ಒಳಗಿನ ಗಾಳಿ ಹೋಗುವುದು ಅಲ್ಲಿಂದಲೇ. ಕ್ಲಿಪ್ ಇರುವುದಕ್ಕೆ ಅಂಟು ಬೇಕಿಲ್ಲ.

ಹಾಕಿದ ಮೇಲೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಸುತ್ತಲೂ ಒಂದೇ ಸಮ ಬಿಗಿ ಇರಬೇಕು. ಸಡಿಲ ಕಂಡರೆ ಆಗ ಸ್ಟ್ರೈಕರ್, ಅದೂ ಒಂದೊಂದೇ ಮಿ.ಮೀ. ಒಳಗೆ.

ಹಳೇಸೆಡಾನ್:
ಅಂಚು ಕಟ್ಟಿಸಿದೆ, ಬುಷ್ ಹೊಸದು, ಅದೇ 16ರ ಬೀಡಿಂಗ್ ಮತ್ತೆ ಹಾಕಿದೆ. ಈಗ ಎರಡು ಬೆರಳಲ್ಲಿ ತಳ್ಳಿದರೆ ಮುಚ್ಚುತ್ತದೆ, ಬಾಡಿ ಸಮಕ್ಕಿದೆ. ಹಾಳೆ ಹಾಕಿದ ಮೇಲೆ ದೊಡ್ಡ ಮಳೆ ಬಂದರೂ ಕಾರ್ಪೆಟ್ ಒಣಗಿಯೇ ಇದೆ. ಶಿಳ್ಳೆ ತೀರಾ ಕಡಿಮೆ. ಆದರೆ ಬಿಸಿಲಲ್ಲಿ ನಿಲ್ಲಿಸಿದರೆ ರಬ್ಬರ್ ಪೇಂಟಿಗೆ ಅಂಟಿಕೊಂಡು ಚರ್ ಅನ್ನುತ್ತದೆ. ವ್ಯಾಸಲೀನ್ ಹಚ್ಚಲಾ?

ನೀರುಹುಡುಕ:
ವ್ಯಾಸಲೀನ್, ಎಂಜಿನ್ ಆಯಿಲ್ ಎರಡೂ ಬೇಡ. ಈ ಬೀಡಿಂಗ್ ಹೆಚ್ಚಾಗಿ ಇಪಿಡಿಎಂ ರಬ್ಬರ್, ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸನ್ನು ಬಟ್ಟೆಗೆ ಹಾಕಿ ತೆಳ್ಳಗೆ ಒರೆಸಿ ಸಾಕು. ಸ್ಪ್ರೇ ಮಾತ್ರ ನೇರವಾಗಿ ಹೊಡೆಯಬೇಡಿ, ಪೇಂಟಿನ ಮೇಲೆ ಕೂತರೆ ಮುಂದೆ ಟಚ್‌ಅಪ್ ಮಾಡುವಾಗ ಬಣ್ಣ ಹಿಡಿಯುವುದಿಲ್ಲ.