ಸಹಾಯ ಬೇಕು: ಶಾಲೆ ಪಕ್ಕದ ಟವರ್ ಬೇರೆ ಕಡೆ ಹಾಕಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಸಣ್ಣ ಊರು. ಶಾಲೆಯ ಬೇಲಿಗೆ ತಾಗಿದ ತೋಟದಲ್ಲಿ ಮೊಬೈಲ್ ಟವರ್ ಬರುತ್ತದಂತೆ, ಗುಂಡಿ ತೋಡಲು ಜೆಸಿಬಿ ಬಂದ ಮೇಲೇ ನಮಗೆ ಗೊತ್ತಾಗಿದ್ದು. ಟವರೇ ಬೇಡ ಅಂತಲ್ಲ, ಮಳೆಗಾಲದಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವವರು ನಾವೇ. ಆದರೆ ಆ ಗುಡ್ಡದ ಮೇಲೇ ಜಾಗ ಇದೆಯಲ್ಲ, ಶಾಲೆ ಪಕ್ಕ ಯಾಕೆ? ಜನರೇಟರ್ ಸದ್ದು ಬೇರೆ. ವಿಕಿರಣದ ಮಿತಿ ನಮ್ಮಲ್ಲಿ 2012ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ, ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ದುಡ್ಡು ಕಟ್ಟಿ ಅಳತೆ ಮಾಡಿಸಬಹುದು, ಸರಿ. ಅದು ಟವರ್ ಎದ್ದ ಮೇಲಿನ ಮಾತು ಅಲ್ವಾ? ಈಗ ತಕರಾರು ಅರ್ಜಿ ಯಾರಿಗೆ ಕೊಡಬೇಕು, ಪಿಡಿಒಗಾ, ಜಿಲ್ಲಾಧಿಕಾರಿಗಾ? ಹೀಗೆ ಜಾಗ ಬದಲಾಯಿಸಿದ ಊರಿನವರು ಇದ್ದರೆ ದಯವಿಟ್ಟು ಅರ್ಜಿಯ ಮಾದರಿ ಕಳಿಸಿ. ಸೋಮವಾರ ಕಾಂಕ್ರೀಟ್ ಹಾಕುತ್ತಾರಂತೆ.