ಹಳೆಯ ಕೋಬೋದ ಕಾರ್ಡ್ ದೊಡ್ಡದು ಮಾಡುವಾಗ ರಿಕವರಿ ವಿಭಾಗ ಬೇಕೇ, ಬೇಡವೇ?

ಶಿರಾ ಗೇಟ್ ಓದುಗ, ತುಮಕೂರು
ನನ್ನ ಬಳಿ ಇರುವುದು 4 ಜಿಬಿಯ ಕೋಬೋ ಗ್ಲೋ ಎಚ್‌ಡಿ ಎಂಬ ಇ-ಪುಸ್ತಕ ಓದುವ ಸಾಧನ. ಹಳೆಯ ಕನ್ನಡ ಪುಸ್ತಕಗಳು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೇ ಸಿಗುವುದರಿಂದ, ಪ್ರತಿ ಪುಟವೂ ಒಂದು ಚಿತ್ರವಾಗಿ ಬೇಗನೆ ಜಾಗ ತುಂಬಿಬಿಡುತ್ತದೆ. ಈ ಮಾದರಿಗೆ ಹೊರಗಿನಿಂದ ಕಾರ್ಡ್ ಹಾಕಲು ಜಾಗವಿಲ್ಲ. ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಮೈಕ್ರೋಎಸ್‌ಡಿ ಕಾರ್ಡ್ ಇದೆ. ಅದರ ಮೂರೂ ವಿಭಾಗಗಳನ್ನು (ಪಾರ್ಟಿಷನ್) ಒಂದೊಂದಾಗಿ 32 ಜಿಬಿ ಕಾರ್ಡಿಗೆ ನಕಲು ಮಾಡಿದೆ, ಆದರೆ ಸಾಧನ ಆನ್ ಆಗುತ್ತಿಲ್ಲ. ಮತ್ತೆ ಮಾಡುವಾಗ, ಸಾಧನವನ್ನು ಮೊದಲಿನ ಸ್ಥಿತಿಗೆ ಮರಳಿಸಲು ಇರುವ ರಿಕವರಿ ವಿಭಾಗವನ್ನು ಕೈಬಿಡಬಹುದೇ ಎಂಬುದನ್ನೂ ತಿಳಿಸಿ.

ತಿಪಟೂರು ಮೇಷ್ಟ್ರು
ಆ ಕಾರ್ಡಿನಲ್ಲಿರುವುದು ಮೂರು ವಿಭಾಗಗಳಷ್ಟೇ ಅಲ್ಲ. ಮೊದಲ ವಿಭಾಗಕ್ಕೂ ಮುಂಚೆ, ಯಾವ ವಿಭಾಗಕ್ಕೂ ಸೇರದ ಜಾಗದಲ್ಲಿ ಬೂಟ್‌ಲೋಡರ್ (ಸಾಧನವನ್ನು ಚಾಲೂ ಮಾಡುವ ತಂತ್ರಾಂಶ), ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಮತ್ತು ಸಾಧನದ ಸರಣಿ ಸಂಖ್ಯೆ ಇರುತ್ತವೆ. ತಾವು ವಿಭಾಗಗಳನ್ನು ಮಾತ್ರ ನಕಲಿಸಿದ್ದರಿಂದ ಅವು ಹಳೆಯ ಕಾರ್ಡಿನಲ್ಲೇ ಉಳಿದವು. ಡಿಡಿ ಎಂಬ ಲಿನಕ್ಸ್ ಆದೇಶ ಬಳಸಿ ಇಡೀ ಕಾರ್ಡನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದೇ ಕಡತವಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಆ ಕಡತವನ್ನೇ ಹೊಸ ಕಾರ್ಡಿಗೆ ಬರೆಯಿರಿ. ಬರೆಯುವ ಮುನ್ನ ಕಾರ್ಡ್ ಯಾವ ಹೆಸರಿನಲ್ಲಿ ಕಾಣಿಸಿಕೊಂಡಿದೆ ಎಂದು ಮತ್ತೊಮ್ಮೆ ನೋಡಿ. ಡಿಡಿ ಎದುರು ಪ್ರಶ್ನೆ ಕೇಳುವುದಿಲ್ಲ, ಹೆಸರು ತಪ್ಪಿದರೆ ಕಂಪ್ಯೂಟರಿನ ಡಿಸ್ಕನ್ನೇ ಅಳಿಸಿಹಾಕುತ್ತದೆ.

ಕ್ಯಾತಸಂದ್ರ
ಮೇಷ್ಟ್ರ ಮಾತು ಸರಿ. ಆದರೆ ಇಡೀ ಕಾರ್ಡಿನ ನಕಲು ಕಂಪ್ಯೂಟರಿನಲ್ಲಿ ಇದ್ದಮೇಲೆ ರಿಕವರಿ ವಿಭಾಗದ ಅಗತ್ಯವೇನು? ಅದು ಹೇಗಿದ್ದರೂ ಕಾರ್ಖಾನೆಯಿಂದ ಬಂದಾಗಿನ ಹಳೆಯ ಆವೃತ್ತಿಯನ್ನೇ ಮರಳಿ ಕೊಡುತ್ತದೆ. ಅಳಿಸಿ, ಆ ಜಾಗವನ್ನೂ ಪುಸ್ತಕಕ್ಕೆ ಸೇರಿಸುವುದು ಲೇಸು.

ತಿಪಟೂರು ಮೇಷ್ಟ್ರು
ಇದನ್ನು ನಾನು ಒಪ್ಪುವುದಿಲ್ಲ. ಪುಸ್ತಕದ ವಿಭಾಗ ಮೂರನೆಯದು, ಕಾರ್ಡಿನ ಕೊನೆಯಲ್ಲಿದೆ. ಅದರ ಆರಂಭವನ್ನು ಮುಟ್ಟದೆ ಅಂತ್ಯವನ್ನಷ್ಟೇ ಮುಂದಕ್ಕೆ ಒಯ್ದರೆ ಹೊಸ ಕಾರ್ಡಿನ ಖಾಲಿ ಜಾಗವೆಲ್ಲ ದಕ್ಕುತ್ತದೆ. ರಿಕವರಿಯ ಜಾಗ ಬೇಕೆಂದರೆ ಮೂರನೆಯ ವಿಭಾಗದ ಆರಂಭವನ್ನು ಹಿಂದಕ್ಕೆ ಸರಿಸಬೇಕು, ಅಂದರೆ ಒಳಗಿನ ದತ್ತಾಂಶವನ್ನೆಲ್ಲ ಎತ್ತಿಡಬೇಕು; ಆ ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. 32 ಜಿಬಿ ಕೈಯಲ್ಲಿರುವಾಗ ಕೆಲವು ನೂರು ಎಂಬಿಗಾಗಿ ಇಷ್ಟು ಅಪಾಯ ಏಕೆ? ಮೇಲಾಗಿ ಕಂಪ್ಯೂಟರಿನಲ್ಲಿರುವ ನಕಲು ಉಪಯೋಗಕ್ಕೆ ಬರಬೇಕಾದರೆ ಪ್ರತಿ ಬಾರಿಯೂ ಮುಚ್ಚಳ ತೆಗೆಯಬೇಕು. ರಿಕವರಿ ವಿಭಾಗಕ್ಕೆ ಅದರ ಹಂಗಿಲ್ಲ.

ಕ್ಯಾತಸಂದ್ರ
ಆರಂಭವನ್ನು ಸರಿಸುವ ಅಪಾಯವನ್ನು ಒಪ್ಪುತ್ತೇನೆ. ಹಾಗಿದ್ದರೆ ಸರಿಸುವ ಗೋಜೇ ಬೇಡ, ಪುಸ್ತಕಗಳನ್ನು ಕಂಪ್ಯೂಟರಿಗೆ ನಕಲಿಸಿಕೊಂಡು ಮೂರನೆಯ ವಿಭಾಗವನ್ನು ದೊಡ್ಡದಾಗಿ ಹೊಸದಾಗಿ ಫಾರ್ಮ್ಯಾಟ್ ಮಾಡಿದರಾಯಿತು.

ಗುಬ್ಬಿ ಓದುಗಿ
ಹಾಗೆ ಮಾಡುವವರು ಫಾರ್ಮ್ಯಾಟ್ ವಿಧವಾಗಿ ಫ್ಯಾಟ್32 ಅನ್ನೇ ಆರಿಸಿ, ವಿಭಾಗದ ಹೆಸರನ್ನು ಮೊದಲಿದ್ದಂತೆಯೇ ಇಡಬೇಕು. ಅದಕ್ಕಿಂತ ಮುಖ್ಯವಾಗಿ, ಚುಕ್ಕಿಯಿಂದ ಆರಂಭವಾಗುವ ‘.ಕೋಬೋ’ ಎಂಬ ಅಡಗಿದ ಫೋಲ್ಡರನ್ನು ಮರೆಯದೆ ನಕಲಿಸಿಕೊಳ್ಳಬೇಕು. ನಾವು ಅಡಿಗೆರೆ ಎಳೆದ ಸಾಲುಗಳು, ಬರೆದ ಟಿಪ್ಪಣಿಗಳು, ಓದಿ ನಿಲ್ಲಿಸಿದ ಪುಟ ಎಲ್ಲವೂ ಅದರೊಳಗಿನ ಒಂದು ಎಸ್‌ಕ್ಯೂಲೈಟ್ (ಡೇಟಾಬೇಸ್) ಕಡತದಲ್ಲಿವೆ. ಕಣ್ಣಿಗೆ ಕಾಣುವ ಫೋಲ್ಡರುಗಳನ್ನಷ್ಟೇ ತೆಗೆದಿಟ್ಟವರಿಗೆ ಪುಸ್ತಕಗಳು ಮರಳುತ್ತವೆ, ವರ್ಷಗಟ್ಟಲೆ ಮಾಡಿಕೊಂಡ ಟಿಪ್ಪಣಿಗಳು ಮರಳುವುದಿಲ್ಲ.

ತಪ್ಪು ಆಗಿಯೇ ಹೋದರೆ, ಆ ಕಾರ್ಡಿಗೆ ಮತ್ತೇನನ್ನೂ ಬರೆಯಬೇಡಿ. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಒಪ್ಪಿಗೆ ಕೊಡಬೇಡಿ. ಲಿನಕ್ಸ್‌ನ ಎಕ್ಸ್‌ಟಿ4 ಮಾದರಿಯ ವಿಭಾಗಗಳನ್ನು ಓದಲು ಬಾರದ ಕಾರಣ, ಸುಸ್ಥಿತಿಯ ಕಾರ್ಡಿಗೂ ಅದು ಹಾಗೆಯೇ ಕೇಳುತ್ತದೆ. ವಿಭಾಗವನ್ನು ಅಳಿಸಿದಾಗ ಹೋಗುವುದು ಕಾರ್ಡಿನ ಮೊದಲ 512 ಬೈಟುಗಳಲ್ಲಿರುವ ವಿಭಾಗಗಳ ಪಟ್ಟಿಯ ಒಂದು ನಮೂದು ಮಾತ್ರ, ದತ್ತಾಂಶ ಇದ್ದಲ್ಲಿಯೇ ಇರುತ್ತದೆ. ಇಡೀ ಕಾರ್ಡಿನ ಒಂದು ನಕಲು ತೆಗೆದು ಅದರ ಮೇಲೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಓಡಿಸಿದರೆ, ಹಳೆಯ ಗಡಿಗಳನ್ನು ಹುಡುಕಿ ಪಟ್ಟಿಯನ್ನು ಮತ್ತೆ ಬರೆಯಲು ಸಾಧ್ಯ. ಫಾರ್ಮ್ಯಾಟ್ ಆದ ಮೇಲೆ ಫೋಟೋರೆಕ್ ಎಂಬ ತಂತ್ರಾಂಶ ಕೂಡ ಕಡತಗಳನ್ನು ಹೆಕ್ಕಿಕೊಡುತ್ತದೆ, ಆದರೆ ಅವುಗಳ ಹೆಸರು ಉಳಿಯುವುದಿಲ್ಲ.

ಶಿರಾ ಗೇಟ್ ಓದುಗ, ತುಮಕೂರು
ಮೇಷ್ಟ್ರೇ, ಇಡೀ ಕಾರ್ಡನ್ನು ನಕಲಿಸಿದ ಮೇಲೆ ಸಾಧನ ಆನ್ ಆಯಿತು. ರಿಕವರಿಯನ್ನು ಮುಟ್ಟಲಿಲ್ಲ; ವಿಭಾಗಗಳ ಗಾತ್ರ ಬದಲಿಸುವ ಜಿಪಾರ್ಟೆಡ್‌ನಲ್ಲಿ ಮೂರನೆಯ ವಿಭಾಗದ ಅಂತ್ಯವನ್ನಷ್ಟೇ ಎಳೆದೆ. ಹಳೆಯ 4 ಜಿಬಿ ಕಾರ್ಡನ್ನು ಏನನ್ನೂ ಬದಲಿಸದೆ ಹಾಗೆಯೇ ಎತ್ತಿಟ್ಟಿದ್ದೇನೆ.

ಕ್ಯಾತಸಂದ್ರ
ಆ ಕಾರ್ಡ್ ಇರುವವರೆಗೆ ರಿಕವರಿ ವಿಭಾಗ ಅನಗತ್ಯ ಎಂಬ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಆದರೆ ಸ್ಟೋರೇಜ್ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಮಾದರಿಗಳಲ್ಲಿ ಕಾರ್ಡ್ ಹೊರತೆಗೆದು ಸರಿಪಡಿಸುವ ದಾರಿಯೇ ಇಲ್ಲದ ಕಾರಣ, ಅಂಥವನ್ನು ಇಟ್ಟುಕೊಂಡವರು ನನ್ನ ಸಲಹೆಯನ್ನು ಪಾಲಿಸಬಾರದು.